ಇಬ್ಬರು ಹಿಡಿಯುವ ಗರಗಸ

“ತಿರುಗಿಸ್ಬೇಡ್ರೋ! ಒಬ್ರೂ ಹಿಂದಕ್ಕೆ ಹೆಜ್ಜೆ ಇಡ್ಬೇಡಿ!” ಎಂದು ಕೂಗುತ್ತ ಸತ್ತವನ ಅಕ್ಕ ಮಂಗಮ್ಮ ಎರಡೂ ಕೈ ಚಾಚಿ ಚಟ್ಟದ ಹಿಂದೆ ಅಡ್ಡ ನಿಂತಳು.

ಹೊತ್ತವರು ನಿಂತಲ್ಲೇ ನಿಂತರು. ತಮಟೆಯ ಸದ್ದೂ ನಿಂತಿತು. ಯಡಿಯೂರು ಕೆರೆಯ ಏರಿಯ ಮೇಲೆ, ಅವರ ಕಣ್ಣೆದುರಿಗೇ, ಹಳೆಯ ಗೋಣಿಮರ ಬುಡಸಮೇತ ಕಿತ್ತುಕೊಂಡು ದಾರಿಗೆ ಅಡ್ಡ ಬಿದ್ದಿತ್ತು. ಮಧ್ಯಾಹ್ನದ ಮಳೆ ನಿಲ್ಲಲಿ ಎಂದು ಕಾದು ಹೆಣ ಎತ್ತಿದ್ದರು. ಮಳೆಯೇನೋ ನಿಂತಿತು, ಗಾಳಿ ನಿಲ್ಲಲಿಲ್ಲ. ಮೆರವಣಿಗೆ ಏರಿಯ ತಲೆಗೆ ಬರುವುದಕ್ಕೂ ಮರ ಉರುಳುವುದಕ್ಕೂ ಸರಿಹೋಯಿತು. ಏರಿಯ ಆ ತುದಿಯಲ್ಲಿ ಗುಂಡಿ ತೋಡಿ ಕಾಯುತ್ತಿದ್ದವರ ತಲೆಗಳು ಕೊಂಬೆಗಳ ಸಂದಿಯಲ್ಲಿ ಕಾಣುತ್ತಿದ್ದವು.

ಚಟ್ಟದ ಮೇಲೆ ಮಲಗಿದ್ದವನು ಚಿಕ್ಕಬೈರಪ್ಪ. ಜಯನಗರ ಇನ್ನೂ ರಾಗಿ ಹೊಲವಾಗಿದ್ದ ಕಾಲದಿಂದ, ಅದರ ಬ್ಲಾಕುಗಳಿಗೆ ನಂಬರು ಬಿದ್ದ ಮೇಲೂ, ಸುತ್ತಮುತ್ತ ಎಲ್ಲಿ ಮರ ಕೆಡವಬೇಕಾದರೂ ಜನ ಹುಡುಕಿಕೊಂಡು ಬರುತ್ತಿದ್ದದ್ದು ಅವನನ್ನೇ. ಅಂಥವನ ದಾರಿಗೆ ಕೊನೆಯ ದಿನ ಮರವೇ ಅಡ್ಡ ಬೀಳಬೇಕೇ! “ಮರಗೋಳು ಸೇಡು ತೀರಿಸ್ಕೊಂಡ್ವು ನೋಡು” ಎಂದು ಗುಂಪಿನಲ್ಲಿ ಯಾರೋ ಪಿಸುಗುಟ್ಟಿದರು. ಗಂಡನ ಕಾಲ ಬಳಿ ನಿಂತಿದ್ದ ಅಂಜನಮ್ಮನ ಕಿವಿಗೆ ಅದು ಬಿತ್ತು. ಅತ್ತು ಅತ್ತು ಅವಳ ಕಣ್ಣು ಊದಿದ್ದವು. ಆದರೂ ಆ ಮಾತು ಬಂದ ಕಡೆಗೆ ಅವಳು ತಿರುಗಿ ನೋಡಿದ ನೋಟಕ್ಕೆ ಅಲ್ಲಿದ್ದವರು ತಲೆ ತಗ್ಗಿಸಿದರು.

ಏರಿಯ ತಲೆಯಲ್ಲಿ ಚಟ್ಟ ಇಳಿಸುವ ಕಲ್ಲೊಂದಿತ್ತು. ಆ ಮನೆತನದ ಹೆಂಗಸರು ಅಲ್ಲಿಯವರೆಗೆ ಬಂದು ಹಿಂದಿರುಗುವುದು ವಾಡಿಕೆ. ಆ ಕಲ್ಲಿನ ಮೇಲೆ ಚಟ್ಟ ಇಳಿಸಿದರು. ಅಲ್ಲಿಂದ ಮುಂದೆ ಏನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ಏರಿಯ ಒಂದು ಕಡೆ ನೀರು, ಇನ್ನೊಂದು ಕಡೆ ಮೊಣಕಾಲುದ್ದ ಕೆಸರು. ಮನೆಯಿಂದ ಎತ್ತಿದ ಹೆಣ ಹಿಂದಕ್ಕೆ ತಿರುಗಿದರೆ ಹೋದವನು ಒಬ್ಬನೇ ಹೋಗುವುದಿಲ್ಲ, ಮನೆಯಿಂದ ಇನ್ನೊಬ್ಬರನ್ನು ಕರೆದುಕೊಂಡು ಹೋಗುತ್ತಾನೆ ಎಂದು ಊರು ನಂಬಿತ್ತು. ಹೊತ್ತು ಮುಳುಗಿದ ಮೇಲೆ ಮಣ್ಣು ಮಾಡುವ ಹಾಗೂ ಇರಲಿಲ್ಲ.

“ಕಾರ್ಪೊರೇಷನ್ನೋರಿಗೆ ಹೇಳಿದ್ರೆ ನಾಳೆ ಬರ್ತಾರೆ” ಎಂದ ವೆಂಕಟಾಚಲ. ಅವನು ಸತ್ತವನ ತಮ್ಮ. ಫ್ಯಾಕ್ಟರಿ ಕೆಲಸದವನು, ಯಾವ ಮಾತಿಗೂ ಮೊದಲು ಗಡಿಯಾರ ನೋಡುವವನು. “ಕೊಡಲಿ ಹಿಡಿದ್ರೆ ಬೆಳಗಾಗುತ್ತೆ. ಇನ್ನು ಉಳಿದಿರೋದು ಒಂದೇ. ಮರದ ಮೇಲಿಂದ ದಾಟಿಸ್ಬಿಡೋಣ. ಈ ಕಡೆ ನಾಕು ಜನ, ಆ ಕಡೆ ನಾಕು ಜನ ನಿಂತ್ಕೊಂಡು ಕೈಯಿಂದ ಕೈಗೆ ಕೊಟ್ರಾಯ್ತು.”

ಬೆಂಕಿಯ ಮಡಕೆ ಹಿಡಿದು ನಿಂತಿದ್ದ ಮಗ ಗಂಗಾಧರ ತಾಯಿಯ ಮುಖ ನೋಡಿದ. “ಚಿಕ್ಕಪ್ಪ ಹೇಳೋದೂ ಸರಿನೇ ಅಲ್ವೇನವ್ವಾ?”

“ಏನು ಸರಿ?” ಎಂದಳು ಅಂಜನಮ್ಮ. ಬೆಳಗಿನಿಂದ ಅಳುವಿಗೆ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ತೆರೆಯದವಳು ಅವಳು. “ಜೀವಮಾನವೆಲ್ಲ ಮರ ಕೊಯ್ದೋರನ್ನ ಬಿದ್ದ ಮರದ ಮೇಲೆ ರಾಗಿ ಮೂಟೆ ಥರ ದಾಟಿಸ್ತೀರಾ? ಹೈಕ್ಳು ಗೋಡೆ ಹಾರಿದಂಗೆ ಹಾರ್ಕೊಂಡು ಹೋಗ್ಬೇಕಾ ನಿಮ್ಮಪ್ಪ?”

ವೆಂಕಟಾಚಲ ಮತ್ತೊಮ್ಮೆ ಗಡಿಯಾರ ನೋಡಿದ.

“ಮನೆಗೆ ಹೋಗಿ ಗರಗಸ ತಗೊಂಬನ್ನಿ” ಎಂದಳು ಅಂಜನಮ್ಮ.

*

ಆ ಗರಗಸ ಚಿಕ್ಕಬೈರಪ್ಪನ ಮನೆಗೆ ಬಂದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, ದಂಡಿನ ಕಡೆ ಮಿಲಿಟರಿಯವರ ಹಳೇ ಸಾಮಾನಿನ ಹರಾಜಿನಲ್ಲಿ. ಒಂದು ತುದಿಯಲ್ಲಿ ಪೆಟ್ರೋಲಿನ ಇಂಜಿನ್ನು, ಅಲ್ಲಿಂದ ಮುಂದಕ್ಕೆ ಚಾಚಿದ ಉದ್ದನೆಯ ಕಬ್ಬಿಣದ ಪಟ್ಟಿ, ಪಟ್ಟಿಯ ಸುತ್ತ ಹಲ್ಲಿನ ಸರಪಳಿ, ಇನ್ನೊಂದು ತುದಿಯಲ್ಲಿ ಬರೀ ಒಂದು ಹಿಡಿ. ಇಂಜಿನ್ನಿನ ಕಡೆ ಒಬ್ಬ, ಹಿಡಿಯ ಕಡೆ ಒಬ್ಬ, ನಡುವೆ ಮರ. ಊರಿನಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಮೊದಲ ದಿನ ಅದು ಶುರುವಾದಾಗ ಸಿದ್ದಾಪುರದವರೆಗೂ ನಾಯಿಗಳು ಬೊಗಳಿದವು.

ಸದ್ದು ಬಂದಷ್ಟು ಕೆಲಸ ಬರಲಿಲ್ಲ. ಮೊಳಕೈ ದಪ್ಪದ ಕೊಂಬೆ ಕೊಯ್ಯುವಷ್ಟರಲ್ಲಿ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಕೊಯ್ದರೂ ನೇರ ಕೊಯ್ಯದೆ ಬಾಳೆಕಾಯಿಯ ಹಾಗೆ ಬಾಗಿಕೊಂಡು ಹೋಗುತ್ತಿತ್ತು. ಜನ ಅದಕ್ಕೆ ಹೊಗೆಗಾಡಿ ಎಂದು ಹೆಸರಿಟ್ಟರು. “ಬೈರಪ್ಪ, ಹೊಗೆಗಾಡಿ ಎಷ್ಟೊತ್ತಿಗಪ್ಪಾ?” ಎಂದು ಕೇಳಿ ನಗುವುದು ಹರಟೆಕಟ್ಟೆಯವರಿಗೆ ದಿನದ ಕೆಲಸವಾಯಿತು.

ಚಿಕ್ಕಬೈರಪ್ಪ ಹಟಮಾರಿ. ಸರಪಳಿಯನ್ನು ತೊಡೆಯ ಮೇಲೆ ಹಾಕಿಕೊಂಡು ಒಂದೊಂದೇ ಹಲ್ಲು ನೋಡಿದ. ಕೆಲವು ಮರ ಕೊಯ್ಯುವ ಹಲ್ಲು, ಕೆಲವು ಹೊಟ್ಟು ಎಳೆದು ಆಚೆ ಹಾಕುವ ಹಲ್ಲು. ಎಳೆಯುವ ಹಲ್ಲನ್ನು ಅರದಿಂದ ಸ್ವಲ್ಪ ತಗ್ಗಿಸಿದರೆ ಕೊಯ್ಯುವ ಹಲ್ಲು ಇನ್ನಷ್ಟು ಆಳಕ್ಕೆ ಇಳಿಯುತ್ತದೆ ಎಂದು ಅವನಿಗೆ ಹೊಳೆಯಿತು. ಹೊಳೆದದ್ದು ಸರಿಯೇ, ಆದರೆ ಅವನು ಸ್ವಲ್ಪಕ್ಕೆ ತೃಪ್ತಿಪಡುವ ಆಸಾಮಿಯಲ್ಲ. ಆಸೆಗೆ ಬಿದ್ದು ಚೆನ್ನಾಗಿಯೇ ಅರೆದುಬಿಟ್ಟ. ಮಾರನೆಯ ದಿನ ಆಲದ ದಿಮ್ಮಿಗೆ ಗರಗಸ ಇಟ್ಟ ಕೂಡಲೇ ಅದು ಮರವನ್ನು ಕಚ್ಚಿ ಹಿಡಿದು ಹುಚ್ಚು ಹೋರಿಯ ಹಾಗೆ ಎಗರಿತು. ಹಿಡಿಯ ಕಡೆ ಇದ್ದ ವೆಂಕಟಾಚಲ ಹೋಗಿ ಹಳ್ಳದಲ್ಲಿ ಬಿದ್ದ. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಎದ್ದವನು ಮೈಮೇಲಿನ ಮಣ್ಣನ್ನೂ ಕೊಡವಿಕೊಳ್ಳದೆ, “ಅಣ್ಣಾ, ನಿನ್ನ ಗರಗಸಕ್ಕೂ ನಿನಗೂ ದೊಡ್ಡ ನಮಸ್ಕಾರ” ಎಂದು ಹೇಳಿ ಫ್ಯಾಕ್ಟರಿ ಕೆಲಸಕ್ಕೆ ಸೇರಿಕೊಂಡ.

ಇಬ್ಬರು ಹಿಡಿಯುವ ಗರಗಸಕ್ಕೆ ಒಬ್ಬನೇ ಉಳಿದ. ಕರೆದವರೆಲ್ಲ ಒಂದೊಂದು ನೆಪ ಹೇಳಿದರು. ಕೊನೆಗೊಂದು ಬೆಳಿಗ್ಗೆ ಅಂಜನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಆ ಹಿಡಿ ಹಿಡಿದು ನಿಂತಳು.

“ನೀನಾ?” ಎಂದ ಚಿಕ್ಕಬೈರಪ್ಪ.

“ನಮ್ಮಪ್ಪನ ಜತೆ ಮರ ಕೊಯ್ಯೋ ಗರಗಸ ಎಳ್ಕೊಂಡೇ ಬೆಳ್ದೋಳು ನಾನು. ಇದಕ್ಕೆ ಎಳೆಯೋ ಕೆಲಸವೂ ಇಲ್ಲ, ಬರೀ ಹಿಡಿಯೋದು. ಶುರು ಮಾಡಿ.”

ಆ ದಿನ ಕೊಯ್ತ ಮುಗಿದಾಗ ಅವಳ ಕೈಯ ಹಸಿರು ಬಳೆಗಳು ಒಂದೂ ಉಳಿದಿರಲಿಲ್ಲ. ಗರಗಸದ ನಡುಕಕ್ಕೆ ಎಲ್ಲವೂ ಚೂರಾಗಿದ್ದವು. ಮುತ್ತೈದೆಯ ಬರಿಗೈ ನೋಡಿ ಮಂಗಮ್ಮ ಹೌಹಾರಿ ತಮ್ಮನಿಗೆ ಬಾಯಿಗೆ ಬಂದಂತೆ ಬೈದಳು. ಅವನು ನೆಟ್ಟಗೆ ಗಾಂಧಿ ಬಜಾರಿಗೆ ಹೋಗಿ ಬಳೆ ತಂದ. ಅವತ್ತಿನಿಂದ ಗರಗಸ ಶುರು ಮಾಡುವ ಮೊದಲು ತನ್ನ ಹಳೇ ಪಂಚೆಯ ಚಿಂದಿಯನ್ನು ಅವಳ ಬಳೆಗಳ ಮೇಲೆ ತಾನೇ ಸುತ್ತಿ ಕಟ್ಟುತ್ತಿದ್ದ. ಅವಳು ಕಟ್ಟಿಕೊಳ್ಳುತ್ತೇನೆಂದರೂ ಬಿಡುತ್ತಿರಲಿಲ್ಲ.

*

ಕೈಗಾಡಿಯಲ್ಲಿ ಗರಗಸ ಬಂತು. ಅದರ ಜೊತೆಗೆ ಅಂಜನಮ್ಮ ಹೇಳಿ ಕಳಿಸಿದ್ದ ಹರಳೆಣ್ಣೆಯ ಸೀಸೆಯೂ ಬಂತು.

“ಬೆಳಿಗ್ಗೆ ತಾನೇ ಇದನ್ನ ಗುಜರಿಗೆ ಹಾಕೋದು ಅಂತ ಮಾತಾಡ್ಕೊಂಡ್ವಲ್ಲೋ” ಎಂದು ವೆಂಕಟಾಚಲ ಗಂಗಾಧರನ ಕಿವಿಯಲ್ಲಿ ಹೇಳಿದ. ಮೆಲ್ಲಗೆ ಹೇಳಿದೆನೆಂದು ಅವನು ತಿಳಿದಿದ್ದ. ಅಂಜನಮ್ಮನಿಗೆ ಕೇಳಿಸಿತು. ಇಂಜಿನ್ನಿನ ಸದ್ದಿನಲ್ಲಿ ಸಣ್ಣ ಅಪಸ್ವರವನ್ನೂ ಹಿಡಿಯುತ್ತಿದ್ದ ಕಿವಿ ಅದು.

ಟ್ಯಾಂಕಿನಲ್ಲಿ ಪೆಟ್ರೋಲು ಇರಲಿಲ್ಲ. ಗುಂಪಿನ ಹಿಂದೆ ಸ್ಕೂಟರು ನಿಲ್ಲಿಸಿಕೊಂಡಿದ್ದ ಚಕ್ರಪಾಣಿ ಮುಂದೆ ಬಂದರು. ಜಯನಗರದಲ್ಲಿ ಮನೆ ಕಟ್ಟಿಸಿದ್ದ ಮೇಷ್ಟ್ರು ಅವರು. ಕೆಲವು ವರ್ಷದ ಹಿಂದೆ ಅವರ ಹೆಂಚಿನ ಮೇಲೆ ವಾಲಿದ್ದ ನೇರಳೆ ಮರವನ್ನು ಒಂದು ಹೆಂಚೂ ಒಡೆಯದ ಹಾಗೆ ಪಕ್ಕದ ಖಾಲಿ ಸೈಟಿಗೆ ಮಲಗಿಸಿದ್ದು ಇದೇ ಗಂಡ ಹೆಂಡತಿ.

“ನನ್ನ ಲ್ಯಾಂಬ್ರೆಟಾದಿಂದ ತೆಗೀರಮ್ಮಾ. ಆದ್ರೆ ಇದ್ರಲ್ಲಿ ಆಯಿಲ್ ಬೆರೆಸಿದೆ, ಪರವಾಗಿಲ್ವಾ?”

“ಇದಕ್ಕೂ ಅದೇ ಬೇಕು ಸ್ವಾಮಿ” ಎಂದಳು ಅಂಜನಮ್ಮ. “ಎಣ್ಣೆ ಬೆರೆಸದೆ ಕುಡಿಯೋದೇ ಇಲ್ಲ ಇದು.”

ಮಂಗಮ್ಮ ಬಂದು ಅವಳ ರಟ್ಟೆ ಹಿಡಿದಳು. ಸಾವಿನ ದಿನ ಹೆಂಡತಿಗೆ ಮಾಡುವ ಅಲಂಕಾರವನ್ನು ಬೆಳಿಗ್ಗೆ ಮಂಗಮ್ಮನೇ ಮಾಡಿದ್ದಳು. ತಲೆ ತುಂಬ ಹೂವು, ಹಣೆಯಲ್ಲಿ ಅಗಲ ಕುಂಕುಮ, ಕೈತುಂಬ ಹಸಿರು ಬಳೆ. “ಅಂಜನೀ, ನಿನಗೇನಾದ್ರೂ ಬುದ್ಧಿ ಇದ್ಯಾ? ಗಂಡನ ಹೆಣ ಮುಂದಿಟ್ಕೊಂಡು ಗರಗಸ ಹಿಡೀತಾರೇನೆ? ಊರೋರು ಏನಂದ್ಕೋತಾರೆ?”

“ಅಕ್ಕಯ್ಯಾ, ಊರೋರು ಇಷ್ಟು ವರ್ಷ ಅಂದ್ಕೊಂಡಿದ್ದೆಲ್ಲ ಸಾಕು. ಚಟ್ಟ ಹಿಂದಕ್ಕೆ ತಿರುಗಬಾರ್ದು ಅಂದೋರು ನೀವೇ. ಮುಂದಕ್ಕೆ ಹೋಗೋಕೆ ದಾರಿ ಬೇಡ್ವಾ?”

ಮಂಗಮ್ಮ ರಟ್ಟೆ ಹಿಡಿದಿದ್ದ ಕೈ ಬಿಟ್ಟಳು.

ಅಂಜನಮ್ಮ ಗರಗಸದ ಹತ್ತಿರ ಹೋದಳು. ಕಾಲು ತಾನಾಗಿ ಹಿಡಿಯ ಕಡೆಗೆ ನಡೆಯಿತು. ಅಲ್ಲಿಂದ ಅವಳು ತಡೆದು ನಿಂತು, ಸುತ್ತಿ ಬಳಸಿ ಇಂಜಿನ್ನಿನ ಕಡೆಗೆ ಬಂದಳು. ಇಷ್ಟು ವರ್ಷ ಅವಳು ನಿಂತದ್ದು ಆ ತುದಿಯಲ್ಲಿ. ನಿಂತು ನೋಡಿದ್ದೆಲ್ಲ ಈ ತುದಿಯ ಎರಡು ಕೈಗಳನ್ನು. ಯಾವಾಗ ಬೆರಳು ಒತ್ತುತ್ತದೆ, ಯಾವಾಗ ಸಡಿಲುತ್ತದೆ, ಮರದ ಗಂಟು ಬಂದಾಗ ಮುಂಗೈ ಹೇಗೆ ತಿರುಗುತ್ತದೆ, ಎಲ್ಲವೂ ಅವಳಿಗೆ ಬಾಯಿಪಾಠವಾಗಿತ್ತು.

“ವೆಂಕಟಾಚಲ, ಆ ಕಡೆ ಹಿಡ್ಕೊಳಪ್ಪ.”

ವೆಂಕಟಾಚಲನ ಮುಖ ಬಿಳಿಚಿತು. “ನಾನಾ ಅತ್ತಿಗೆ? ಅವತ್ತು ನನ್ನನ್ನ ಎಸೆದದ್ದು ಮರೆತ್ರಾ?”

“ಆ ಹಲ್ಲೆಲ್ಲ ಆಮೇಲೆ ಸಮ ಮಾಡಿದ್ವು. ಈಗ ಎಸೆಯಲ್ಲ. ನಿಮ್ಮಣ್ಣ ಹೋಗ್ಬೇಕು, ಹಿಡ್ಕೋ.”

ಅವನು ಪಂಚೆ ಮೇಲೆ ಕಟ್ಟಿ ಬಂದು ಹಿಡಿಯ ಹತ್ತಿರ ನಿಂತ. ಅವಳ ಕೈಗಳನ್ನು ನೋಡಿದವನಿಗೆ ಏನೋ ನೆನಪಾಗಿರಬೇಕು. “ಅತ್ತಿಗೆ, ಬಳೆಗೆ ಬಟ್ಟೆ ಕಟ್ಕೊಳಲ್ವಾ? ಅಣ್ಣ ಕಟ್ತಿದ್ನಲ್ಲ.”

“ಬೇಡ” ಎಂದಳು ಅವಳು.

*

ಗರಗಸ ಬಾಗಿ ಬಾಗಿ ಕೊಯ್ಯುವ ರೋಗಕ್ಕೆ ಮದ್ದು ಸಿಕ್ಕಿದ್ದು ಅಂಜನಮ್ಮನ ಎಡಗೈಯಲ್ಲಿ.

ಅದಕ್ಕೂ ಮೊದಲು ಹೊಗೆಯ ರೋಗ ವಾಸಿಯಾಗಿತ್ತು. ಹೊಗೆ ಹೋಗುವ ಕೊಳವೆಯ ತುಂಬ ಮಸಿ ಗಟ್ಟಿಯಾಗಿ ಕೂತಿದ್ದನ್ನು ಚಿಕ್ಕಬೈರಪ್ಪ ಕಂಡುಹಿಡಿದ. ಎಷ್ಟು ಕೆರೆದರೂ ಹೋಗದಾಗ ಅಂಜನಮ್ಮ ಅದನ್ನು ಸ್ನಾನದ ಹಂಡೆಯ ಒಲೆಗೆ ಹಾಕಿ ಕೆಂಡದಲ್ಲಿ ಸುಟ್ಟಳು. ಮಸಿ ಬೂದಿಯಾಗಿ ಉದುರಿತು. ಅವತ್ತು ಮನೆಯವರ ಸ್ನಾನದ ನೀರಿಗೆಲ್ಲ ಪೆಟ್ರೋಲಿನ ವಾಸನೆ. ಇಂಜಿನ್ನು ಮಾತ್ರ ಶೀತ ಬಿಟ್ಟವನ ಮೂಗಿನ ಹಾಗೆ ಸಲೀಸಾಗಿ ಉಸಿರಾಡತೊಡಗಿತು. ಸರಪಳಿ ಬಿಸಿಯಾಗಿ ಹಿಡಿದುಕೊಳ್ಳುತ್ತಿದ್ದುದಕ್ಕೆ ಹರಳೆಣ್ಣೆ ಬಿಟ್ಟು ನೋಡಿದರು. ಹಾಲು ಸುರಿಯುವ ಅತ್ತಿ ಆಲಗಳನ್ನು ಕೊಯ್ಯುವಾಗಲೂ ಅಂಟು ಕೂರುವುದು ನಿಂತಿತು.

ಬಾಗುವುದು ಮಾತ್ರ ನಿಲ್ಲಲಿಲ್ಲ. ಒಂದು ಸಂಜೆ ಅವನು ಜಗಲಿಯಲ್ಲಿ ಕೂತು ಹಲ್ಲು ಅರೆಯುತ್ತಿದ್ದಾಗ ಅಂಜನಮ್ಮ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದಳು.

“ಬಲಗಡೆ ಹಲ್ಲಿಗೆ ಉಜ್ಜುವಾಗ ಒಂದು ಸದ್ದು, ಎಡಗಡೆ ಹಲ್ಲಿಗೆ ಇನ್ನೊಂದು ಸದ್ದು ಬರುತ್ತಲ್ಲ” ಎಂದಳು.

“ಬಲಗೈಯವನು ನಾನು. ಒಂದು ಕಡೆ ಕೈ ಸಲೀಸಾಗಿ ಹೋಗುತ್ತೆ, ಇನ್ನೊಂದು ಕಡೆ ತಿಣುಕುತ್ತೆ.”

“ಅದಕ್ಕೇ ಅದು ಒಂದು ಕಡೆಗೆ ಎಳೀತಿರೋದು. ಇಲ್ಲಿ ಕೊಡಿ.”

ಅವಳು ಹುಟ್ಟಾ ಎಡಚಿ. ಆ ಕೈಯಲ್ಲಿ ಸೌಟು ಹಿಡಿದದ್ದಕ್ಕೆ ತವರಿನಲ್ಲಿ ಬರೆ ಹಾಕಿಸಿಕೊಂಡಿದ್ದಳು. ಅತ್ತೆಮನೆಗೆ ಬಂದ ಮೇಲೆ ಬಡಿಸುವಾಗಲೆಲ್ಲ ಆ ಕೈಯನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದಳು. ಅದೇ ಕೈಯಲ್ಲಿ ಅರ ಹಿಡಿದು ಎಡಗಡೆಯ ಹಲ್ಲುಗಳನ್ನೆಲ್ಲ ಅರೆದಳು. ಮಾರನೆಯ ದಿನ ಗರಗಸ ದಾರ ಹಿಡಿದ ಹಾಗೆ ನೇರವಾಗಿ ಇಳಿಯಿತು. ಚಿಕ್ಕಬೈರಪ್ಪ ಕೊಯ್ದ ಜಾಗವನ್ನು ಅಂಗೈಯಿಂದ ಸವರಿ ಸವರಿ ನೋಡಿದ.

“ಅಂಜನೀ, ಇನ್ಮೇಲೆ ಆ ಕೈನ ಯಾರ ಮುಂದೆಯೂ ಬಚ್ಚಿಡಬೇಡ” ಎಂದ.

ಅಲ್ಲಿಂದ ಮುಂದೆ ಬಲಗಡೆಯ ಹಲ್ಲು ಅವನದು, ಎಡಗಡೆಯದು ಅವಳದು. ಯಾರಾದರೂ ಅವನನ್ನು ಹೊಗಳಿದರೆ, “ನನ್ನದು ಅರ್ಧ ಗರಗಸ ಕಣಪ್ಪ, ಇನ್ನರ್ಧ ಒಳಗೆ ಮುದ್ದೆ ತಿರುಗಿಸ್ತಾ ಇದೆ” ಎನ್ನುತ್ತಿದ್ದ. ಕೇಳಿದವರು ತಮಾಷೆಯೆಂದು ನಗುತ್ತಿದ್ದರು. ಅವನು ನಗುತ್ತಿರಲಿಲ್ಲ. ಒಳಗಿದ್ದವಳು ಮಾತ್ರ ಯಾರಿಗೂ ಕಾಣದ ಹಾಗೆ ಬೀಗುತ್ತಿದ್ದಳು.

*

ಅಂಜನಮ್ಮ ಇಂಜಿನ್ನಿನ ಚಕ್ರಕ್ಕೆ ಹಗ್ಗ ಸುತ್ತಿ ಎಳೆದಳು. ಇಂಜಿನ್ನು ಕೆಮ್ಮಿ ಸುಮ್ಮನಾಯಿತು. ಮತ್ತೆ ಸುತ್ತಿ ಎಳೆದಳು. ಮತ್ತೆ ಕೆಮ್ಮು. ಗುಂಪಿನಲ್ಲಿ ಗುಸುಗುಸು ಎದ್ದಿತು. ಅಂಜನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಚಟ್ಟದ ಕಡೆ ಒಮ್ಮೆ ನೋಡಿದಳು. ಹಗ್ಗವನ್ನು ಎಡಗೈಗೆ ಬದಲಾಯಿಸಿ, ಕಾಲು ಊರಿ, ಮೈಯೆಲ್ಲ ಭಾರ ಹಾಕಿ ಎಳೆದಳು.

ಇಂಜಿನ್ನು ಹತ್ತಿಕೊಂಡಿತು. ಕೆರೆಯ ನೀರುಕೋಳಿಗಳೆಲ್ಲ ಒಮ್ಮೆಗೇ ಎದ್ದವು.

ಮರದ ಬುಡ ಬೇರಿನ ಮೇಲೆ, ತಲೆ ಕೊಂಬೆಗಳ ಮೇಲೆ ಆತುಕೊಂಡು, ನಡುವೆ ದಿಮ್ಮಿ ಎದೆಯೆತ್ತರಕ್ಕೆ ಸೇತುವೆಯ ಹಾಗೆ ನಿಂತಿತ್ತು. ಮೇಲಿನಿಂದಲೇ ಪೂರ್ತಿ ಕೊಯ್ದರೆ ದಿಮ್ಮಿ ಕುಸಿದು ಗರಗಸವನ್ನು ಕಚ್ಚಿಕೊಳ್ಳುತ್ತದೆ. ಮೇಲೆ ಸ್ವಲ್ಪ ಕೊಯ್ದು, ಆಮೇಲೆ ಕೆಳಗಿನಿಂದ ಮೇಲಕ್ಕೆ ಕೊಯ್ದುಕೊಂಡು ಬರಬೇಕು. ಎರಡು ಕೊಯ್ತಗಳೂ ಒಂದೇ ಗೆರೆಯಲ್ಲಿ ಕೂಡಬೇಕು. ಬೆರಳಗಲ ತಪ್ಪಿದರೂ ಮರ ಬಿಡುವುದಿಲ್ಲ. ಸೂರ್ಯ ಬನಶಂಕರಿಯ ಗುಡ್ಡದ ಕಡೆ ಇಳಿದಾಗಿತ್ತು. ತಪ್ಪಿದರೆ ಇನ್ನೊಮ್ಮೆ ಕೊಯ್ಯುವಷ್ಟು ಬೆಳಕಿರಲಿಲ್ಲ.

ಮೇಲಿನ ಕೊಯ್ತ ಇಳಿಯಿತು. ಬಿಳಿಯ ಹಾಲು ಒಸರಿ ಸರಪಳಿಗೆ ಮೆತ್ತಿಕೊಂಡಿತು. ಇಂಜಿನ್ನಿನ ಸ್ವರ ಇಳಿಯತೊಡಗಿತು.

“ಎಣ್ಣೆ!” ಎಂದು ಅಂಜನಮ್ಮ ಕೂಗಿದಳು. ಗಂಡಸರು ಮುಖ ಮುಖ ನೋಡಿಕೊಂಡರು. ಸೀಸೆ ಎತ್ತಿಕೊಂಡು ಬಂದವಳು ಮಂಗಮ್ಮ. ಬಗ್ಗಿ, ತಮ್ಮನಿಗೆ ಎಣ್ಣೆಸ್ನಾನ ಮಾಡಿಸುವಾಗ ನೆತ್ತಿಗೆ ಬಿಡುತ್ತಿದ್ದ ಹಾಗೆ ಸಣ್ಣ ಧಾರೆಯಲ್ಲಿ ಸರಪಳಿಗೆ ಹರಳೆಣ್ಣೆ ಬಿಡುತ್ತ ಹೋದಳು. ಸ್ವರ ಮತ್ತೆ ಏರಿತು.

ಗರಗಸವನ್ನು ದಿಮ್ಮಿಯ ಕೆಳಗೆ ತೂರಿಸಿ ಮೇಲಕ್ಕೆತ್ತಿದಾಗ ಅದರ ಭಾರಕ್ಕೆ ಅವಳ ತೋಳು ನಡುಗಿತು. ಗಂಗಾಧರ ಬೆಂಕಿಯ ಮಡಕೆ ಹಿಡಿದುಕೊಂಡೇ ಕೂಗಿದ, “ಅವ್ವನಿಗೆ ಕೈ ಕೊಡ್ರೋ!” ಚಟ್ಟ ಹೊತ್ತವರಲ್ಲಿ ಇಬ್ಬರು ಓಡಿ ಬಂದು ಇಂಜಿನ್ನಿನ ಅಡಿಗೆ ಹೆಗಲು ಕೊಟ್ಟರು. ಆ ತುದಿಯಲ್ಲಿ ವೆಂಕಟಾಚಲ ಕಣ್ಣು ಮುಚ್ಚಿಕೊಂಡು ಹಿಡಿದಿದ್ದ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದ. ಗರಗಸ ಅವನನ್ನು ಎಸೆಯುವ ಯಾವ ಸೂಚನೆಯನ್ನೂ ತೋರಿಸಲಿಲ್ಲ. ಮೊಸರಿನಲ್ಲಿ ಇಳಿದ ಹಾಗೆ ಮರದೊಳಕ್ಕೆ ಏರುತ್ತಿತ್ತು.

“ಅತ್ತಿಗೇ, ಸಖತ್ತಾಗಿ ಹೋಗ್ತಿದೆ!” ಎಂದು ಹೆಣ ಎದುರಿಗಿದೆ ಎಂಬುದನ್ನೂ ಮರೆತು ಕೂಗಿದ.

ಅಂಜನಮ್ಮನಿಗೆ ಅದು ಕೇಳಿಸಲಿಲ್ಲ. ಅವಳ ಕಿವಿಯಲ್ಲಿ ಇಂಜಿನ್ನಿನ ಸದ್ದೊಂದೇ ಇತ್ತು. ಬಲಗಡೆಯ ಹಲ್ಲುಗಳನ್ನು ಹೋದ ವಾರ ಗಂಡನೇ ಅರೆದಿದ್ದ. ಎದೆನೋವೆಂದರೂ ಕೇಳದೆ, ಜಗಲಿಯಲ್ಲಿ ಕೂತು, ಕೊನೆಯ ಹಲ್ಲಿನವರೆಗೂ. ಆ ಹಲ್ಲುಗಳು ಈಗ ಅವನ ಪಾಲಿನ ಕೆಲಸವನ್ನು ಮಾಡುತ್ತಿದ್ದವು. ಅವನು ಸತ್ತ ಮೇಲೂ ಕೆಲಸ ಬಾಕಿ ಉಳಿಸಿಕೊಂಡವನಲ್ಲ ಎಂದು ಅವಳಿಗೆ ಹೆಮ್ಮೆಯಾಯಿತು. ದುಃಖವೂ ಆಯಿತು. ಯಾವುದು ಎಷ್ಟೆಂದು ನೋಡಲು ಪುರುಸೊತ್ತಿರಲಿಲ್ಲ.

ದಿಮ್ಮಿ ಟಕ್ಕೆಂದಿತು. ಮೇಲಿನ ಗೆರೆ, ಕೆಳಗಿನ ಗೆರೆ ಒಂದಾದವು. ಮರ ಎರಡು ತುಂಡಾಗಿ ಬಿರಿಯಿತು.

ಇನ್ನೊಂದು ಕೊಯ್ತ ಸುಲಭದ್ದು. ಚಟ್ಟ ಹಾಯುವಷ್ಟು ಅಗಲಕ್ಕೆ ನಡುವಿನ ತುಂಡನ್ನು ಕೊಯ್ದರು. ಎಲ್ಲರೂ ಸೇರಿ ಅದನ್ನು ಕೆರೆಗೆ ಉರುಳಿಸಿದಾಗ ನೀರು ಏರಿಯವರೆಗೂ ಚಿಮ್ಮಿತು. ಚಕ್ರಪಾಣಿ ಹತ್ತಿರ ಬಂದು ಕೊಯ್ದ ಮುಖವನ್ನು ಮುಟ್ಟಿ ನೋಡಿದರು. ಮೇಲಿನ ಕೊಯ್ತ ಎಲ್ಲಿ ಮುಗಿಯಿತು, ಕೆಳಗಿನದು ಎಲ್ಲಿ ಶುರುವಾಯಿತು ಎಂದು ಅವರ ಬೆರಳಿಗೆ ಸಿಗಲಿಲ್ಲ.

“ಬೈರಪ್ಪ ಇದ್ದಿದ್ರೆ ನೋಡಬೇಕಿತ್ತಮ್ಮ” ಎಂದರು.

“ಇದ್ರಲ್ಲ ಸ್ವಾಮಿ” ಎಂದಳು ಅಂಜನಮ್ಮ. “ಅರ್ಧ ಅವರೇ ಕೊಯ್ದದ್ದು.”

ತಮಟೆ ಮತ್ತೆ ಶುರುವಾಯಿತು. ಚಟ್ಟ ಎತ್ತಿದರು. ಗಂಗಾಧರ ಮುಂದೆ ನಡೆದ. ತಾಯಿಯ ಪಕ್ಕದಲ್ಲಿ ಹಾದುಹೋಗುವಾಗ ಗರಗಸದ ಕಡೆ ನೋಡಿ, “ಗುಜರಿಗೆ ಹಾಕಲ್ಲ ಕಣವ್ವಾ” ಎಂದ. ಹೊಸದಾಗಿ ಕೊಯ್ದ ಎರಡು ಬಿಳಿ ಮುಖಗಳ ನಡುವೆ, ಕೈಯಿಂದ ಕೈಗೆ ದಾಟಬೇಕಾಗದೆ, ಚಿಕ್ಕಬೈರಪ್ಪ ನೆಟ್ಟಗೆ ಮಲಗಿಕೊಂಡು ಹೊತ್ತು ಮುಳುಗುವ ಮೊದಲೇ ಆಚೆಗೆ ಹೋದ.

ಆಚೆ ಗಂಡಸರು ಮಣ್ಣು ಕೊಟ್ಟು ಸ್ನಾನಕ್ಕೆ ಕೆರೆಗೆ ಇಳಿದರು. ಈಚೆ ಹೆಂಗಸರು ಮಾತ್ರ ಉಳಿದರು. ಇನ್ನು ಆ ಮನೆಯ ಹೆಂಗಸರ ಶಾಸ್ತ್ರ. ಮಂಗಮ್ಮ ನೀರಂಚಿನಿಂದ ಒಂದು ಕಲ್ಲು ಆರಿಸಿಕೊಂಡು ಬಂದಳು. ಅಂಜನಮ್ಮ ಗರಗಸದ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು.

“ಕೈ ಚಾಚು ಅಂಜನೀ” ಎಂದಳು ಮಂಗಮ್ಮ.

ಅಂಜನಮ್ಮ ಎರಡೂ ಕೈ ಚಾಚಿದಳು. ಮೊದಲು ಎಡಗೈ. ಮುಂಗೈಗೆ ಹರಳೆಣ್ಣೆ, ಗೋಣಿಮರದ ಹಾಲು, ಹೊಟ್ಟು ಮೆತ್ತಿಕೊಂಡಿದ್ದವು. ಒಡೆಯಲು ಒಂದು ಬಳೆಯೂ ಇರಲಿಲ್ಲ. ಚಟ್ಟ ಹಾದುಹೋದ ದಾರಿಯಲ್ಲಿ, ಹೊತ್ತವರ ಹೆಜ್ಜೆ ಮೂಡಿದ ಹೊಟ್ಟಿನ ತುಂಬ ಹಸಿರು ಚೂರುಗಳು ಬಿದ್ದಿದ್ದವು.

ಮಂಗಮ್ಮ ಆ ಕೈಗಳನ್ನು ನೋಡಿದಳು, ಹೊಟ್ಟನ್ನು ನೋಡಿದಳು. ಏರಿಯ ಇಳಿಜಾರಿನಲ್ಲಿ ಇನ್ನೂ ಬಿಸಿ ಆರದ ಗರಗಸ ಒಂದು ಕಡೆಗೆ ವಾಲಿಕೊಂಡಿತ್ತು. ಅವಳು ಬಗ್ಗಿ, ಅದು ಕೆಳಕ್ಕೆ ಜಾರದ ಹಾಗೆ ಆ ಕಲ್ಲನ್ನು ಅದರ ಅಡಿಗೆ ಭದ್ರವಾಗಿ ಇಟ್ಟಳು.